ಹಂದಿಯ ಗಂಟಲು ನೋಡಿದ ಡಾಕ್ಟ್ರಮ್ಮ

ನನ್ನ ಮೊಮ್ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಈ ಮಾತನ್ನು ಹಾಲು ಹಾಕುವವನಿಗೆ ಹೇಳಿದ್ದೇನೆ, ಬಸ್ಸಿನ ಕಂಡಕ್ಟರಿಗೆ ಹೇಳಿದ್ದೇನೆ, ಸಂತೆಯಲ್ಲಿ ಸೊಪ್ಪು ಮಾರುವವಳಿಗಂತೂ ಎರಡು ಸಲ ಹೇಳಿದ್ದೇನೆ. ಎರಡನೆಯ ಸಲ ಅವಳು, "ಹೋದ್ವಾರನೇ ಯೋಳಿದ್ಯಲ್ಲಜ್ಜಿ" ಅಂದಳು. "ಹೋದ್ವಾರ ಯೋಳಿದ್ದು ಕೆಲ್ಸ ಸಿಕ್ತು ಅಂತ. ಈಗ ಯೋಳ್ತಿರೋದು ಸೇರ್ಕೊಂಡ್ಲು ಅಂತ" ಅಂದೆ. ಅವಳು ನಕ್ಕು ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕಿದಳು. ನನ್ನ ಸಂತೋಷ ಹಾಗಿದೆ. ತಡೆದರೆ ತಡೆಯುವುದಿಲ್ಲ.

"ಲ್ಯಾಬಿನಲ್ಲಿ ಏನು ಕೆಲಸ?" ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನ ಮಗ ನಡುವೆ ಬಾಯಿ ಹಾಕಿ, "ರಕ್ತ ಪರೀಕ್ಷೆ" ಎನ್ನುತ್ತಾನೆ. ರಕ್ತವೂ ಹೌದು. ಜನ ಸೆರಗಿನೊಳಗೆ, ಪಂಚೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು ತರುವ ಸಣ್ಣ ಡಬ್ಬಿಯೂ ಉಂಟು. ಅದನ್ನು ಹೇಳಲು ಅವನಿಗೆ ನಾಚಿಕೆ. ಮೊಮ್ಮಗಳಿಗೆ ಒಂದಿಷ್ಟೂ ಇಲ್ಲ.

ಅವಳು ಪರೀಕ್ಷೆಗೆ ಓದುತ್ತಿದ್ದಾಗ ಒಂದು ಸಂಜೆ ಗಟ್ಟಿಯಾಗಿ ಒಂದು ಹೆಸರು ಓದಿದಳು: ಯೆರ್ಸಿನಿಯಾ. ನಾನು ಒಳಗೆ ರಾಗಿ ಕೇರುತ್ತಿದ್ದವಳು, "ತಂಪಿನಾಗೆ ಬೆಳೆಯೋ ಹುಳ ಕಣೇ ಅದು" ಅಂದೆ. ಅವಳು ಪುಸ್ತಕ ಹಿಡಿದುಕೊಂಡೇ ಎದ್ದು ಬಂದಳು.

"ನಾಕ್ನೇ ಕ್ಲಾಸಿಗೆ ಇಸ್ಕೂಲು ಬುಟ್ಟೋಳು ನೀನು. ನಿಂಗ್ಯಾರು ಯೋಳಿದ್ರು?"

"ಒಬ್ರು ಡಾಕ್ಟ್ರಮ್ಮ."

"ಏನವರ ಹೆಸರು?"

ಆಗ ನನಗೆ ತಿಳಿಯಿತು, ನಾನು ಅವರ ಹೆಸರನ್ನು ಕೇಳಿಯೇ ಇರಲಿಲ್ಲ. ನಮ್ಮ ಗುಡಿಸಲುಗಳಲ್ಲಿ ಯಾರೂ ಕೇಳಿರಲಿಲ್ಲ. ಅವರು ಎಷ್ಟೋ ತಿಂಗಳು ನಮ್ಮಲ್ಲಿಗೆ ಬಂದು ಹೋದರು. ನಮ್ಮ ಹಂದಿಗಳ ಹೆಸರನ್ನೆಲ್ಲ ಕೇಳಿ ತಿಳಿದುಕೊಂಡಿದ್ದರು. ಅವರ ಹೆಸರು ನಮಗೆ ಬೇಕಾಗಲಿಲ್ಲ. ಮೊಮ್ಮಗಳು, "ನೆಪ್ಪಿರೋವಷ್ಟು ಬರ್ಕೊಡಜ್ಜಿ, ತಪ್ಪು ನಾನು ತಿದ್ತೀನಿ" ಅಂದಳು. ಅದಕ್ಕೆ ಬರೆಯುತ್ತಿದ್ದೇನೆ. ಬರೆಯುವ ಖುಷಿ ಒಂದು ಕಡೆ. ಆದರೆ ಈ ಕತೆಯ ತುಂಬ ಇರುವುದು ನಾಚಿಕೆಯೇ. ನಮ್ಮದು, ಊರಿನದು, ಆ ಡಾಕ್ಟ್ರಮ್ಮನದು.

ನಾವು ಹಂದಿ ಸಾಕುತ್ತಿದ್ದವರು. ತಿಪಟೂರಿಗೂ ತುರುವೇಕೆರೆಗೂ ನಡುವೆ ಒಂದು ಊರು. ಅದರ ಹೆಸರು ಬೇಡ, ನಮ್ಮ ನೆಂಟರು ಈಗಲೂ ಅಲ್ಲಿದ್ದಾರೆ. ಊರ ಚರಂಡಿ ಮುಗಿಯುವ ಕಡೆ ನಮ್ಮ ಐದಾರು ಗುಡಿಸಲು. ಗಂಡಸರು ಹಂದಿ ನೋಡಿಕೊಳ್ಳುವುದು, ಹೆಂಗಸರು ಬಿದಿರು ಸೀಳಿ ಮಂಕರಿ ಹೆಣೆಯುವುದು, ತೆಂಗಿನ ಗರಿಯ ಕಡ್ಡಿ ಹೆರೆದು ಪೊರಕೆ ಕಟ್ಟುವುದು. ಕೊಬ್ಬರಿ ಮನೆಗಳಲ್ಲೆಲ್ಲ ನಮ್ಮದೇ ಮಂಕರಿ. ಮಂಕರಿ ಒಳಗೆ ಹೋಗುತ್ತಿತ್ತು, ನಾವು ಹೋಗುತ್ತಿರಲಿಲ್ಲ. ನಾನು ಚಿಕ್ಕನಾಯಕನಹಳ್ಳಿ ಕಡೆಯಿಂದ ಮದುವೆಯಾಗಿ ಬಂದವಳು. ಶಾಲೆ ಬಿಟ್ಟದ್ದೂ ಹಂದಿ ಸಾಕುವವರ ಮಗಳು ಎಂಬುದಕ್ಕೇ, ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ನಾನು ಬಂದ ಕೂಡಲೇ ಮೂಗಿಗೆ ಲಂಗದ ತುದಿ ಒತ್ತಿಕೊಳ್ಳುತ್ತಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೂಗು ಮುಚ್ಚಿದವರಿಗೆ ಏನು ಹೇಳುವುದು?

ಇದು ಎಂಬತ್ತರ ಆಸುಪಾಸಿನ ಮಾತು. ಊರಿನಲ್ಲಿ ಕೊಬ್ಬರಿ ವ್ಯಾಪಾರದ ಸಾಹುಕಾರರ ಮನೆಯಲ್ಲಿ ಮಗಳ ಮದುವೆಯಾಯಿತು. ಮದುವೆಯಾದ ವಾರದಲ್ಲೇ ಜನಕ್ಕೆ ಹೊಟ್ಟೆನೋವು. ಜ್ವರ, ಭೇದಿ, ಬಲಗಡೆ ಕೆಳಹೊಟ್ಟೆಯಲ್ಲಿ ಹಿಂಡುವಂಥ ನೋವು. ಯಾವುದೋ ನರ್ಸಿಂಗ್ ಹೋಮಿನಲ್ಲಿ ಒಂದು ಹೆಣ್ಣುಮಗುವಿಗೆ ಅಪೆಂಡಿಕ್ಸ್ ಎಂದು ಹೊಟ್ಟೆ ಕೊಯ್ದರು. ಕೊಯ್ದು ನೋಡಿದರೆ ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತಂತೆ. ಹಾಗಾದರೆ ಇದೇನು ಕಾಯಿಲೆ ಎಂದು ಹುಡುಕಲು ದೊಡ್ಡ ಕಾಲೇಜಿನಿಂದ ಈ ಡಾಕ್ಟ್ರಮ್ಮ ಬಂದರು. ಅವರು ಬರುವ ಹೊತ್ತಿಗೆ ಊರು ಆಗಲೇ ಹುಡುಕಿ ಮುಗಿಸಿತ್ತು. ಹಂದಿಯಿಂದಲೇ ಬಂದದ್ದು, ಗುಡಿಸಲು ಎತ್ತಿಸಿ ಎಂದು ಸಾಹುಕಾರರ ಕಡೆಯವರು ಹಟ ಹಿಡಿದಿದ್ದರು. ಊರ ಹಿರಿಯರು, "ಡಾಕ್ಟ್ರಮ್ಮ ಏನು ಹೇಳ್ತಾರೋ ನೋಡಾನ, ಆಮ್ಯಾಕೆ ಎತ್ತಿಸಾನ" ಅಂದಿದ್ದರು. ನಾವು ಅಲ್ಲಿ ಇರುವುದೋ ಬಿಡುವುದೋ ಆಯಮ್ಮನ ಒಂದು ಮಾತಿನ ಮೇಲೆ ನಿಂತಿತ್ತು.

ಹೀಗಾಗಿ ದೊಡ್ಡ ಹೆಂಗಸೊಬ್ಬರು ಬರುತ್ತಾರೆ ಎಂದುಕೊಂಡಿದ್ದೆವು. ಬಂದವರು ಕಡ್ಡಿಯಂಥ ಮೈಯವರು. ಕನ್ನಡಕದ ಒಂದು ಕಿವಿಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹೆಗಲಿಗೆ ಒಂದು ತಗಡಿನ ಪೆಟ್ಟಿಗೆ ನೇತುಹಾಕಿಕೊಂಡು ಚರಂಡಿ ದಾಟಿ ಬಂದರು. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇತ್ತು. ಬಿಸಿಲಲ್ಲವೆ, ಕುಡಿಯಲು ತಂದಿದ್ದಾರೆ ಎಂದುಕೊಂಡೆವು.

ಅವರಿಗೆ ನಮ್ಮ ಮಕ್ಕಳ ಕಕ್ಕಸು ಬೇಕಿತ್ತು, ಹಂದಿಯದೂ ಬೇಕಿತ್ತು. ಕೇಳಲು ಬಾಯಿ ಬರಲೊಲ್ಲದು. "ಬೆಳಿಗ್ಗೆ ಮಕ್ಕಳು... ಅಂದರೆ, ಹೊರಗೆ ಹೋದಾಗ... ಸ್ವಲ್ಪ..." ಎಂದು ಕೈ ತಿರುಗಿಸುತ್ತ ನಿಂತರು. ನನ್ನ ಅತ್ತೆ ಮಂಕರಿ ಹೆಣೆಯುತ್ತಿದ್ದವಳು ಕತ್ತಿ ಕೆಳಗಿಟ್ಟಳು.

"ಏನವ್ವಾ ಬೇಕು?"

"ಮಲ, ಅಜ್ಜಿ. ಪರೀಕ್ಷೆಗೆ."

"ಹೇಲಾ? ಹಂಗಂತ ಯೋಳು ಮತ್ತೆ! ನಾನೇನೋ ಚಿನ್ನ ಕೇಳ್ತಾವ್ಳೆ ಅಂದ್ಕೊಂಡೆ."

ಗುಡಿಸಲುಗಳವರೆಲ್ಲ ಬಿದ್ದು ಬಿದ್ದು ನಕ್ಕರು. ಅವರ ಮುಖ ಕೆಂಪಾಯಿತು, ಆಮೇಲೆ ತಾವೂ ನಕ್ಕರು. ನಕ್ಕಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವುದು ಅವರ ಅಭ್ಯಾಸ. ಆಮೇಲೆ ಸಲಿಗೆ ಬೆಳೆದ ಮೇಲೆ ಹೇಳಿದರು, "ನಮ್ಮಮ್ಮನಿಗೂ ಹೇಳಕ್ಕೆ ನಾಚಿಕೆ ಅಜ್ಜಿ. ಯಾರು ಕೇಳಿದ್ರೂ ಮಗಳು ಹೃದಯದ ಡಾಕ್ಟ್ರು ಅಂತಾರೆ."

"ಹೃದಯಾನೂ ಹೊಟ್ಟೆ ಪಕ್ಕದಾಗೇ ಐತಲ್ಲ ಬುಡು" ಅಂದಳು ಅತ್ತೆ.

ಮೊದಮೊದಲು ಒಂದು ವಿಷಯಕ್ಕೆ ನಮಗೆ ಅವರ ಮೇಲೆ ಸಿಟ್ಟಿತ್ತು. ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. "ಟೀ ಇದ್ದರೆ ಕೊಡಿ, ಚೆನ್ನಾಗಿ ಕುದಿಸಿ" ಎನ್ನುತ್ತಿದ್ದರು. ನಮ್ಮ ಕೈ ನೀರು ಆಗುವುದಿಲ್ಲ, ಅದನ್ನು ಹೀಗೆ ನಯವಾಗಿ ಹೇಳುತ್ತಾರೆ ಎಂದುಕೊಂಡೆ. ನನಗೆ ಅಂಥ ನಯ ಗೊತ್ತು. ಒಂದು ದಿನ ಸಾಹುಕಾರರ ಹಿತ್ತಲಿಗೆ ಪೊರಕೆ ಕೊಡಲು ಹೋಗಿದ್ದೆ. ಡಾಕ್ಟ್ರಮ್ಮ ಜಗಲಿಯಲ್ಲಿ ಕೂತಿದ್ದರು. ಸಾಹುಕಾರರ ಹೆಂಡತಿ ಬೆಳ್ಳಿ ಲೋಟದಲ್ಲಿ ನೀರು ಹಿಡಿದು ನಿಂತಿದ್ದರು. "ಬೇಡಮ್ಮ, ಕಾಫಿ ಇದ್ದರೆ ಕೊಡಿ, ಚೆನ್ನಾಗಿ ಕುದಿಸಿ" ಎಂಬ ಅದೇ ಮಾತು, ಅದೇ ದನಿ. ನಾನು ಪೊರಕೆಯ ಕಟ್ಟು ಹೊತ್ತುಕೊಂಡೇ ಓಡಿ ಬಂದು ಅತ್ತೆಗೆ ಹೇಳಿದೆ. ಅವತ್ತಿನಿಂದ ಟೀಗೆ ಬೆಲ್ಲ ಜಾಸ್ತಿ ಬಿತ್ತು.

ಕಾಯಿಲೆ ಬಿದ್ದವರಲ್ಲಿ ಸಿಕ್ಕ ಹುಳ ನಮ್ಮಲ್ಲೂ ಇದೆಯೇ ಎಂದು ಹುಡುಕಲು ಸೀಸೆಗಳನ್ನು ಕೊಟ್ಟು ಹೋದರು. ಬಿರಡೆ ಹಾಕಿದ ಸಣ್ಣ ಗಾಜಿನ ಸೀಸೆಗಳು. "ಬೆಳಿಗ್ಗೆ ತುಂಬಿಸಿಡಿ. ನಾನು ಮೊದಲನೇ ಬಸ್ಸಿಗೆ ಬರ್ತೀನಿ. ಅಲ್ಲೀತನಕ ಜೋಪಾನ, ಕೆಡಬಾರದು" ಅಂದರು. ತುಂಬಿಸಿದ್ದು ನಾನು. ಆದರೆ ಅವತ್ತು ಬಸ್ಸು ಬರಲಿಲ್ಲ. ದಾರಿಯಲ್ಲಿ ಎಲ್ಲೋ ಕೆಟ್ಟು ನಿಂತಿತ್ತಂತೆ. ಅವರು ಬಂದದ್ದು ಮಾರನೆಯ ದಿನ.

ಕೆಡಬಾರದು ಎಂದರೆ ನಮ್ಮ ಸೀಮೆಯಲ್ಲಿ ಇಡುವ ಜಾಗ ಒಂದೇ. ಇಲ್ಲಿನ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ. ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಕೆಳಗಿನ ಒಲೆಯ ಕಾವು, ಹೊಗೆ ತಾಗಿ ತಾಗಿ ತಿಂಗಳುಗಟ್ಟಲೆ ಆದ ಮೇಲೆ ಒಳಗಿನ ನೀರು ಆರಿ ಅಲ್ಲಾಡಿಸಿದರೆ ಗಡಗಡ ಅನ್ನುವ ಕೊಬ್ಬರಿಯಾಗುತ್ತದೆ. ನೆಲದ ತಂಪಿನಲ್ಲಿಟ್ಟರೆ ಕೊಳೆಯುತ್ತದೆ. ಹುಣಸೆಹಣ್ಣು, ಮೆಣಸಿನಕಾಯಿ, ಬೀಜದ ಕಾಳು, ಏನಿದ್ದರೂ ಮೇಲೆಯೇ. ನಮ್ಮ ಗುಡಿಸಲಿನಲ್ಲಿಯೂ ಒಲೆಯ ನೆತ್ತಿಗೆ ಬಿದಿರಿನ ಸಣ್ಣ ಅಟ್ಟ ಇತ್ತು. ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿಟ್ಟೆ.

ಡಾಕ್ಟ್ರಮ್ಮ ಸೀಸೆ ತೆಗೆದುಕೊಂಡು ಹೋದರು. ವಾರಗಳಾದವು. ನಡುನಡುವೆ ಬರುತ್ತಿದ್ದರು, ಕೇಳಿದರೆ, "ಇನ್ನೂ ಹೇಳಕ್ಕಾಗಲ್ಲ. ಇಲ್ಲ ಅನ್ನೋದಕ್ಕೂ ಕಾಯಬೇಕು" ಎನ್ನುತ್ತಿದ್ದರು. ಕೂತಲ್ಲಿ ಸುಮ್ಮನಿರುವ ಜಾತಿಯಲ್ಲ. ಗರಿಯ ಕಡ್ಡಿ ಹೆರೆಯಲು ನನ್ನಿಂದ ಕಲಿತರು. ಅವರು ಹೆರೆದ ಕಡ್ಡಿಯಲ್ಲಿ ಪೊರಕೆ ಕಟ್ಟಿದರೆ ಕಸ ಗುಡಿಸುವುದಿರಲಿ, ಪೊರಕೆಯೇ ಕಸ ಉದುರಿಸುತ್ತಿತ್ತು.

ಕೊನೆಗೆ ಒಂದು ದಿನ ದೂರದಿಂದಲೇ ಕೈ ಆಡಿಸುತ್ತ ಬಂದರು. ಊರ ಹಿರಿಯರಿಗೆ ಹೇಳಿಯೇ ಬಂದಿದ್ದರು. ನಮ್ಮ ಹಂದಿಗಳಲ್ಲಿ ಏನೂ ಸಿಗಲಿಲ್ಲ, ಮಕ್ಕಳಲ್ಲೂ ಇಲ್ಲ. ಗುಡಿಸಲು ಎತ್ತಿಸುವ ಮಾತು ಅಲ್ಲಿಗೆ ನಿಂತಿತು. ನನ್ನ ಗಂಡ ಹಂದಿಯ ಬೆನ್ನಿಗೆ ಚಪ್ಪರಿಸಿ, "ಕೇಳಿಸ್ಕಂಡ್ಯೇನ್ಲಾ? ನೀನು ಸಾಚಾ ಅಂತೆ ಕಣ್ಲಾ!" ಅಂದ. ಅತ್ತೆ ಬೆಲ್ಲದ ಅಚ್ಚು ಒಡೆದಳು. ಟೀ ಕುದಿಯಿತು. ಆ ಖುಷಿಯಲ್ಲಿ ಡಾಕ್ಟ್ರಮ್ಮ ಆ ಹುಳದ ಕತೆ ಹೇಳಿದರು. ಅದರ ಹೆಸರು ಹೇಳಿದರು. ಅತ್ತೆಯ ಬಾಯಲ್ಲಿ ಅದು ಯಾವುದೋ ಗ್ರಾಮದೇವತೆಯ ಹೆಸರಿನಂತೆ ಕೇಳಿಸಿತು.

"ಬೇರೆ ಹುಳ ಎಲ್ಲ ಬೆಚ್ಚಗಿರೋ ಕಡೆ ಬೆಳೆಯತ್ತೆ ಅಜ್ಜಿ. ಇದು ತಣ್ಣಗಿರೋ ಕಡೆಯೂ ಬೆಳೆಯೋ ಹುಳ. ಅದಕ್ಕೇ ಸೀಸೆನ ವಾರಗಟ್ಟಲೆ ಮಂಜಿನ ಪೆಟ್ಟಿಗೇಲಿ ಇಡ್ತೀವಿ. ಮಿಕ್ಕಿದ್ದೆಲ್ಲ ಸೋತು ಸುಮ್ಮನಾಗತ್ತೆ, ಇದೊಂದು ಹೆಚ್ಚತ್ತೆ. ಆಗ ಕಣ್ಣಿಗೆ ಬೀಳತ್ತೆ."

"ಹಂಗಾರೆ ನಮ್ಮನೇಲಿ ಎಲ್ಲಿಂದ ಬಂದಾತು?" ಅಂದಳು ಅತ್ತೆ. "ನಮ್ಮನೇಲಿ ತಣ್ಣಗಿರೋದು ಅಂದ್ರೆ ಮಳೆಗಾಲದಾಗೆ ಒಲೆ ಒಂದೇಯ."

ನನಗೆ ಹೊಗಳಿಸಿಕೊಳ್ಳುವ ಆಸೆಯಾಯಿತು. ಎಲ್ಲರೂ ಹಂದಿಯನ್ನು ಹೊಗಳಿದರು, ಅತ್ತೆಯ ಟೀ ಹೊಗಳಿದರು, ಸೀಸೆ ಕಾಪಾಡಿದವಳನ್ನು ಯಾರೂ ಹೊಗಳಲಿಲ್ಲ. "ನಾನೂ ಜ್ವಾಪಾನ ಮಾಡಿದ್ದೆ ಡಾಕ್ಟ್ರಮ್ಮ. ನೀವು ಬರದಿದ್ ದಿನಾನೂವೆ ಕೆಡಕ್ಕೆ ಬುಡ್ಲಿಲ್ಲ" ಅಂದೆ.

"ಎಲ್ಲಿಟ್ಟಿದ್ದೆ?" ನಗುತ್ತಲೇ ಕೇಳಿದರು.

"ಅಲ್ಲೇ." ಅಟ್ಟ ತೋರಿಸಿದೆ. "ಬೆಚ್ಚಗೆ. ಒಲೆ ಆರಕ್ಕೇ ಬುಡ್ಲಿಲ್ಲ ನಾನು."

ಅವರು ತಲೆ ಎತ್ತಿ ಅಟ್ಟ ನೋಡಿದರು. ಅಟ್ಟದ ಬಿದಿರು ಮಸಿ ಹಿಡಿದು ಮಿರಮಿರ ಮಿಂಚುತ್ತಿತ್ತು. ಕೆಳಗೆ ಒಲೆಯಲ್ಲಿ ಟೀ ಉಕ್ಕುತ್ತಿತ್ತು. ಕೈ ಮೇಲೆತ್ತಿ ಅಲ್ಲಿಯ ಕಾವು ಮುಟ್ಟಿ ನೋಡಿದರು. ಆಮೇಲೆ ಕನ್ನಡಕ ತೆಗೆದು ನೆಲದ ಮೇಲೆ ಕೂತುಬಿಟ್ಟರು. ಮಣೆ ಹಾಕಲೂ ಬಿಡಲಿಲ್ಲ.

"ಏನಾತವ್ವಾ?"

"ಅಲ್ಲಿಟ್ಟ ಮೇಲೆ ಅದು ಉಳಿಯಲ್ಲ ಅಜ್ಜಿ. ಇದ್ದಿದ್ದರೂ ಸತ್ತಿರತ್ತೆ."

"ಸತ್ರೆ ಒಳ್ಳೇದಾತು!"

"ಸೀಸೇಲಿರೋದು ಸತ್ತಿರತ್ತೆ. ಹಂದೀಲಿರೋದು ಅಲ್ಲ. ಇಲ್ಲ ಅಂತ ಹೇಳಿಬಿಟ್ಟೆ ನಾನು ಊರಿಗೆಲ್ಲ. ನನಗೆ ಗೊತ್ತೇ ಇಲ್ಲ ಈಗ."

ನಾನು ಅಳತೊಡಗಿದೆ. ಅವರು ನನ್ನ ಕಡೆ ತಿರುಗಿ, "ನಿಂದಲ್ಲ, ನಂದು. ತಣ್ಣಗಿಡು ಅಂತ ನಾನು ಹೇಳಲಿಲ್ಲ. ಕೆಡಬಾರದು ಅಂದರೆ ಎಲ್ಲರೂ ತಣ್ಣಗೇ ಇಡ್ತಾರೆ ಅಂದ್ಕೊಂಡೆ" ಅಂದರು.

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಇಲ್ಲಿರೋರು ಬಾಯಿ ಬುಡಲ್ಲ ಕಣವ್ವ. ಇಲ್ಲ ಅಂದಿದೀಯ, ಇಲ್ಲ ಅಂತ್ಲೇ ಇಕ್ಕೋ. ನಿಂಗೂ ಮಾನ, ನಮಗೂ ನೆಳ್ಳು."

ಅವರು ಕನ್ನಡಕ ಹಾಕಿಕೊಂಡರು. ಟೀ ಕುಡಿಯದೆ ಎದ್ದು ಹೋದರು. ಅವತ್ತು ರಾತ್ರಿಯೆಲ್ಲ ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ: ಈಯಮ್ಮ ಸುಳ್ಳು ಹೇಳುವ ಹಾಗೆ ಮಾಡಪ್ಪ. ಇದನ್ನು ಮೊಮ್ಮಗಳಿಗೆ ಓದಿ ಹೇಳುವಾಗ ಈ ಸಾಲು ಬಂದ ಕಡೆ ನಾನು ಕೆಮ್ಮಿದೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಬಂದರು. ಊರ ಹಿರಿಯರ ಬಾಗಿಲಿಗೆ ಹೋಗಿ, ನನ್ನ ಪರೀಕ್ಷೆ ಕೆಟ್ಟಿದೆ, ತಪ್ಪು ನನ್ನದು, ಮತ್ತೆ ಮಾಡಬೇಕು ಎಂದು ಹೇಳಿ ಬಂದಿದ್ದರು. ಸೀಸೆ ಅಟ್ಟದ ಮೇಲಿತ್ತು ಎಂಬುದನ್ನು ಹೇಳಿರಲಿಲ್ಲ. ನನ್ನ ಹೆಸರೂ ಬಂದಿರಲಿಲ್ಲ. ನಮ್ಮ ಮುಂದೆ ನಿಂತು, "ಇನ್ನೊಂದು ಸಲ ಕೊಡಿ" ಅಂದರು.

ಅತ್ತೆ ಎದ್ದು ನಿಂತಳು. "ನಮ್ ಕೈಲೇ ನಮ್ ಗುಡ್ಲು ಕೀಳುಸ್ತೀಯಾ?"

"ಹಂಗೂ ಆಗಬಹುದು ಅಜ್ಜಿ."

"ಆಗಬೋದು ಅಂತೀಯಲ್ಲೇ ಮುಖದ್ ಮುಂದೆ! ಆಗಕ್ಕಿಲ್ಲ ಅಂತಾದ್ರೂ ಯೋಳಬಾರ್ದಾ?"

"ಒಂದು ಸಲ ಹಂಗೆ ಹೇಳಿದ್ದಕ್ಕೇ ಇಷ್ಟಾಗಿದ್ದು."

ಅತ್ತೆ ಬೈದಳು. ಬೈಗುಳ ಬರೆಯುವಂಥದ್ದಲ್ಲ. ಡಾಕ್ಟ್ರಮ್ಮ ನಿಂತು ಪೂರ್ತಿ ಕೇಳಿಸಿಕೊಂಡರು. ಆ ಹೊತ್ತಿಗೆ ನನ್ನ ಮಗ ಒಳಗಿನಿಂದ ಕುಂಟುತ್ತ ಬಂದ. ಆಗ ಅವನಿಗೆ ಆರೋ ಏಳೋ ವರ್ಷ. ಅವನ ಮಂಡಿ ಎರಡೂ ಊದಿ ಬಹಳ ದಿನವಾಗಿತ್ತು. ಡಾಕ್ಟ್ರಮ್ಮ ಕೂತು ಅವನ ಮಂಡಿ ಒತ್ತಿ ನೋಡಿದರು.

"ಇದಕ್ಕೆ ಮುಂಚೆ ಇವನಿಗೆ ಹೊಟ್ಟೆ ಕೆಟ್ಟಿತ್ತಾ?"

"ಹೂಂ. ಯುಗಾದಿ ಆಸುಪಾಸಿನಾಗೆ" ಅಂದೆ.

"ಈ ಹುಳ ಹೊಟ್ಟೆ ಬಿಟ್ಟ ಮೇಲೂ ಕೆಲವರಿಗೆ ಕೀಲು ಹಿಡಿಸತ್ತೆ. ಅದೇನಾ ಅಂತ ನೋಡಬೇಕು. ಅದೇ ಆದರೆ ವಾಸಿಯಾಗತ್ತೆ, ಹೆದರಬೇಡಿ. ಆದರೆ ಎಲ್ಲಿಂದ ಬಂತು ಅಂತ ತಿಳೀದಿದ್ದರೆ ಇನ್ನೊಂದು ಮಗೂಗೆ ಬರತ್ತೆ. ಇನ್ನೊಂದು ಮಗು ಹೊಟ್ಟೆ ಕೊಯ್ತಾರೆ."

ಅತ್ತೆ ಮೊಮ್ಮಗನ ಮಂಡಿಯನ್ನೇ ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಕೊಡೇ. ಈ ಸಲ ಒಲೆ ಹತ್ರಕ್ಕೆ ಹೋದ್ರೆ ಕಾಲ್ ಮುರಿತೀನಿ" ಅಂದಳು.

ಈ ಸಲ ಡಾಕ್ಟ್ರಮ್ಮ ಹಂದಿಯ ಗಂಟಲಿನಿಂದಲೇ ತೆಗೆಯಬೇಕು ಅಂದರು. ಆ ಹುಳ ಅಲ್ಲಿ ಅಡಗಿರುತ್ತದಂತೆ. ಉದ್ದನೆ ಕಡ್ಡಿಯ ತುದಿಗೆ ಹತ್ತಿ ಸುತ್ತಿಕೊಂಡು ನಿಂತರು. ನನ್ನ ಗಂಡ ದೊಡ್ಡ ಹೆಣ್ಣು ಹಂದಿಯನ್ನು ಕಾಲಿನ ಸಂದಿಯಲ್ಲಿ ಅಮುಕಿ ಬಾಯಿ ತೆರೆಸಿದ. ಡಾಕ್ಟ್ರಮ್ಮ ಮುಂದೆ ಬಗ್ಗಿ, ಹಂದಿಗೆ, "ಕ್ಷಮಿಸಮ್ಮ" ಅಂದರು.

"ಕ್ಸಮ್ಸಕ್ಕಿಲ್ಲ ಕಣ್ರವ್ವ ಅದು, ಬ್ಯಾಗ ಕೈ ಈಚಿಗ್ ತಗೀರಿ!" ಎಂದು ನನ್ನ ಗಂಡ ಕಿರುಚಿದ.

ಕಡ್ಡಿ ಕಟಕ್ಕೆಂದಿತು. ಹಂದಿ, ನನ್ನ ಗಂಡ, ಡಾಕ್ಟ್ರಮ್ಮ ಮೂವರೂ ಕೆಸರಿಗೆ ಬಿದ್ದರು. ಎದ್ದವರಲ್ಲಿ ಮೊದಲಿಗಳು ಹಂದಿ. ಡಾಕ್ಟ್ರಮ್ಮ ಕೆಸರಿನಲ್ಲಿ ಕೂತೇ ಮುರಿದ ಕಡ್ಡಿಯ ತುಂಡು ಎತ್ತಿ ಹಿಡಿದು, "ಹತ್ತಿ ಒದ್ದೆಯಾಗಿದೆ, ಸಾಕು ಸಾಕು" ಅಂದರು. ಓದಿದ ಹೆಂಗಸು ನಮ್ಮ ಕೆಸರಿನಲ್ಲಿ ಹಾಗೆ ಕೂತಿದ್ದು ನೋಡಿ ನನಗೆ ನಗುವುದೋ ಅವರ ಮೇಲೆ ಸೆರಗು ಮುಚ್ಚುವುದೋ ತಿಳಿಯಲಿಲ್ಲ. ಅವರು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕದ್ದು ಅವತ್ತು ಮಾತ್ರ. ಉಳಿದ ಹಂದಿಗಳಿಗೂ ಒಂದೊಂದಕ್ಕೂ ಕ್ಷಮೆ ಕೇಳಿಯೇ ಗಂಟಲು ನೋಡಿದರು. ಸಾಹುಕಾರರ ಹಿತ್ತಲ ಬಾವಿಯ ನೀರನ್ನೂ, ನನ್ನ ಮಗನ ಕೈಯಿಂದ ಒಂದಿಷ್ಟು ರಕ್ತವನ್ನೂ ತೆಗೆದುಕೊಂಡರು. ಸೀಸೆಗಳನ್ನು ತಾವೇ ಮಂಜುಗಡ್ಡೆಯಲ್ಲಿ ಹೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು.

ಮತ್ತೆ ವಾರಗಳು. ಈ ಸಲ ಅವರು ನಡುವೆ ಬರಲೇ ಇಲ್ಲ. ಬಂದ ದಿನ ಊರೊಳಗೆ ಹೋಗದೆ ನೇರ ನಮ್ಮಲ್ಲಿಗೆ ಬಂದರು. ಕೈ ಆಡಿಸಲಿಲ್ಲ. ಚರಂಡಿ ದಾಟುವಾಗಲೇ ಅತ್ತೆಗೆ ತಿಳಿಯಿತು.

"ಸಿಕ್ತಾ?"

"ಸಿಕ್ಕಿತು ಅಜ್ಜಿ. ಎರಡು ಹಂದೀಲಿ. ಆ ಬಾವಿ ನೀರಲ್ಲೂ ಸಿಕ್ಕಿತು. ನಿಮ್ಮ ಮೊಮ್ಮಗನ ರಕ್ತದಲ್ಲಿ ಅದರ ಗುರುತಿದೆ. ಅವನು ವಾಸಿಯಾಗ್ತಾನೆ." ಆಮೇಲೆ ಹೇಳಿದರು, "ಊರಿಗೆ ಹೇಳೋ ಮೊದಲು ನಿಮಗೆ ಹೇಳಬೇಕು ಅನ್ನಿಸ್ತು. ಹೋದ ಸಲ ಉಲ್ಟಾ ಮಾಡಿದ್ದೆ."

ಊರ ಕಟ್ಟೆಯಲ್ಲಿ ಹಿರಿಯರು ಸೇರಿದರು. ನಾವು ದೂರದಲ್ಲಿ ಹುಣಸೆಮರದ ಕೆಳಗೆ ನಿಂತು ಕೇಳಿದೆವು. ಡಾಕ್ಟ್ರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಬಾವಿಯ ಕಟ್ಟೆ ಒಡೆದಿದೆ, ಚರಂಡಿಯ ನೀರು, ಅಲ್ಲೆಲ್ಲ ಅಲೆಯುವ ಹಂದಿಯ ಗಲೀಜು ಎಲ್ಲ ಒಳಗೆ ಇಳಿಯುತ್ತದೆ. ಮದುವೆಗೆ ಹೆಸರುಬೇಳೆ ನೆನೆಸಿದ್ದು ಅದೇ ನೀರಿನಲ್ಲಿ. ಅನ್ನ ಸಾರು ಕುದಿಯುತ್ತದೆ, ಕೋಸಂಬರಿ ಕುದಿಯುವುದಿಲ್ಲ. ಅದನ್ನು ಮುಂಚೆಯೇ ಮಾಡಿ ಮನೆಗೆ ಹೊಸದಾಗಿ ಬಂದ ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ. ಬೇರೆ ಹುಳ ಅಲ್ಲಿ ಸುಮ್ಮನಾಗುತ್ತಿತ್ತು. ಇದು ಅಲ್ಲೇ ಹೆಚ್ಚಿತು. ಬಾವಿ ಕಟ್ಟೆ ಕಟ್ಟಿಸಿ, ನೀರು ಕುದಿಸಿ, ಹಂದಿಗೆ ಒಂದು ದೊಡ್ಡಿ ಮಾಡಿಕೊಡಿ. ಗುಡಿಸಲು ಎತ್ತಿಸಿದರೆ ಕಾಯಿಲೆ ಹೋಗುವುದಿಲ್ಲ.

ಸಾಹುಕಾರರು ಎದ್ದು ನಿಂತರು. "ನಮ್ಮನೆ ಫ್ರಿಜ್ಜಲ್ಲಿ ದೇವರ ಅಭಿಷೇಕದ ಹಾಲು ಇಡ್ತೀವಿ ಕಣ್ರೀ. ಅದ್ರಾಗೆ ಹಂದಿ ಹುಳ ಬೆಳೀತು ಅಂತೀರಾ?"

"ಬೆಳೆದದ್ದು ಅಲ್ಲೇ" ಅಂದರು ಡಾಕ್ಟ್ರಮ್ಮ.

ಗದ್ದಲವಾಯಿತು. ಹಿರಿಯರು ಕೈ ಎತ್ತಿ ಸುಮ್ಮನಾಗಿಸಿದರು. "ಅವೆಲ್ಲ ಬುಡ್ರಮ್ಮ. ಒಂದೇ ಮಾತು ಯೋಳ್ರಿ. ಹಂದೀಲಿ ಇತ್ತೋ, ಇಲ್ವೋ?"

"ಇತ್ತು. ಆದರೆ ಪೂರ್ತಿ ಕೇಳಿ..."

"ಸಾಕು."

ಡಾಕ್ಟ್ರಮ್ಮ ಮಾತಾಡುತ್ತಲೇ ಇದ್ದರು. ಜನ ಎದ್ದು ಪಂಚೆ ಕೊಡವಿಕೊಂಡು ಹೋದರು. ಕೊನೆಗೆ ಖಾಲಿ ಕಟ್ಟೆಯ ಮುಂದೆ ಅವರೊಬ್ಬರೇ ನಿಂತಿದ್ದರು, ಹೇಳಬೇಕಾದ ಮಾತು ಇನ್ನೂ ಬಾಯಲ್ಲೇ ಇತ್ತು. ಅಟ್ಟದ ಮಾತನ್ನು ಆಯಮ್ಮ ಅವತ್ತೂ ಎತ್ತಲಿಲ್ಲ. "ಮೊದಲು ಇಲ್ಲ ಅಂದ್ರಿ, ಈಗ ಐತೆ ಅಂತೀರಿ, ನಿಮ್ ಮಾತಿಗೇನು ಬೆಲೆ?" ಎಂದು ಒಬ್ಬ ಹೋಗುತ್ತ ಹಂಗಿಸಿದಾಗಲೂ ಎತ್ತಲಿಲ್ಲ.

ಊರಿನವರು ನಮಗೆ ಕೆರೆಯ ಆಚೆ ಕಲ್ಲುಭೂಮಿಯಲ್ಲಿ ಜಾಗ ತೋರಿಸಿದರು. ಸಾಹುಕಾರರ ಬಾವಿಗೆ ಹೊಸ ಕಟ್ಟೆ ಎದ್ದಿತು, ಯಾರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನನ್ನ ಮಗನ ಮಂಡಿ ಡಾಕ್ಟ್ರಮ್ಮ ಹೇಳಿದ ಹಾಗೆಯೇ ವಾಸಿಯಾಯಿತು. ಈಗ ಅವನೇ ಮಗಳ ಕೆಲಸ ಹೇಳಲು ನಾಚುವವನು. ಡಾಕ್ಟ್ರಮ್ಮ ಕೆಲಸ ಮುಗಿಸಿ ತಮ್ಮ ಊರಿಗೆ ಹೋದರು. ಆಮೇಲೆ ನಾವು ಅವರನ್ನು ನೋಡಲಿಲ್ಲ. ಆದರೆ ಹೋಗುವ ಮುಂಚೆ, ನಾವು ಗುಡಿಸಲು ಕೀಳುವ ದಿನ ಬಂದಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

ಗಂಡಸರು ಗಳ ಬಿಚ್ಚುತ್ತಿದ್ದರು. ನಾನು ಅಟ್ಟದ ಬಿದಿರು ಇಳಿಸುತ್ತಿದ್ದೆ. ಅವರು ಚರಂಡಿಯ ಆಚೆ ಬದಿಯಲ್ಲೇ ನಿಂತರು. ಹೆಗಲಲ್ಲಿ ಪೆಟ್ಟಿಗೆ ಇರಲಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಒಂದನ್ನೊಂದು ಹಿಡಿದುಕೊಂಡಿದ್ದರು. ನಾನು ಅವರ ಮುಖ ನೋಡಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ. ನಾನು ಸೀಸೆಗಳನ್ನು ಅಟ್ಟದ ಮೇಲೆ ಇಡದೇ ಇದ್ದಿದ್ದರೆ ಇದು ಮೊದಲೇ ಆಗುತ್ತಿತ್ತು, ಅಷ್ಟೇ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ನಾಚಿಕೆ ಲೆಕ್ಕ ಕೇಳುವುದಿಲ್ಲವಲ್ಲ. ಮಕ್ಕಳು ಕೂಡ ಅವರ ಹತ್ತಿರ ಹೋಗಲಿಲ್ಲ.

ಬಹಳ ಹೊತ್ತಾದ ಮೇಲೆ ಅತ್ತೆ ಸೊಂಟಕ್ಕೆ ಸೆರಗು ಬಿಗಿದುಕೊಂಡು ಕೂಗಿದಳು.

"ಏನವ್ವಾ ಕಂಬ ನಿಂತಂಗೆ ನಿಂತಿದೀಯ? ಬಂದೋಳು ಕೈ ಹಾಕು ಬಾ!"

ಡಾಕ್ಟ್ರಮ್ಮ ಓಡಿ ಬಂದರು. ಅತ್ತೆ ಎರಡು ಹಂದಿಮರಿಗಳನ್ನು ಮಂಕರಿಗೆ ಹಾಕಿ, ಮೇಲೆ ಗೋಣಿ ಮುಚ್ಚಿ, ಅವರ ಮುಂದಿಟ್ಟಳು. ನಾನು ಹಳೆಯ ಸೀರೆಯ ತುಂಡು ಸುತ್ತಿ ಸಿಂಬೆ ಮಾಡಿ ಅವರ ತಲೆಯ ಮೇಲಿಟ್ಟೆ. ಅಷ್ಟು ಓದಿದವರ ತಲೆ ಮುಟ್ಟಿದ್ದು ನನ್ನ ಬಾಳಿನಲ್ಲಿ ಅದೇ ಮೊದಲು. ಕೂದಲು ನಮ್ಮಂತೆಯೇ ಬೆವರಿತ್ತು. ಮಂಕರಿ ಎತ್ತಿ ಇಟ್ಟಾಗ ಅವರ ಮೊಣಕಾಲು ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು.

ಕೆರೆಯ ಆಚೆಗೆ ಹೋಗಲು ಪೇಟೆ ಬೀದಿಯೊಂದೇ ದಾರಿ. ಮುಂದೆ ಅತ್ತೆ, ಹಿಂದೆ ಡಾಕ್ಟ್ರಮ್ಮ, ಅವರ ಪಕ್ಕದಲ್ಲಿ ನಾನು. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ಬಾಗಿಲಿಗೆ ಬಂದರು. ಮಂಕರಿಯೊಳಗೆ ಮರಿಗಳು ಕಿರುಚುತ್ತಿದ್ದವು. ಸಾಹುಕಾರರು ಜಗಲಿಯಿಂದ ಇಳಿದು ಬೀದಿಗೆ ಬಂದು, "ಡಾಕ್ಟ್ರೇ, ಇದೇನಿದು, ನೀವ್ಯಾಕೆ? ಇಳಿಸ್ರಿ, ಆಳು ಕಳಿಸ್ತೀನಿ" ಅಂದರು.

"ದಾರಿ ಬಿಡಿ, ಭಾರ ಇದೆ" ಅಂದರು ಡಾಕ್ಟ್ರಮ್ಮ. ನಿಲ್ಲಲಿಲ್ಲ. ಆದರೆ ಅಷ್ಟು ಜನ ನೋಡುತ್ತಿದ್ದಾರಲ್ಲ, ಅವರ ಕಣ್ಣು ನೆಲಕ್ಕೆ ಇಳಿಯಿತು. ತಲೆಯೂ ಇಳಿಯತೊಡಗಿತು. ಮಂಕರಿ ಮುಂದಕ್ಕೆ ವಾಲಿತು.

ಮರಿಗಳ ಕಿರುಚಾಟ ಜೋರಾದದ್ದು ಕೇಳಿ ಅತ್ತೆ ಹಿಂದೆ ತಿರುಗಿ ನೋಡದೆಯೇ ನನಗೆ ಹೇಳಿದಳು, "ಕುತ್ತಿಗೆ ಬಗ್ಗಿಸ್ತಾವ್ಳೆ ಕಣೇ. ಎತ್ತಕ್ಕೆ ಯೋಳು. ಮರಿ ಬೀಳ್ತವೆ."

ನಾನು ಹೇಳಿದೆ. ಅವರು ತಲೆ ಎತ್ತಿದರು.